‘ಓನ್ಲಿ’ ಎಲ್ಲಿ ಇಡಬೇಕು? ಪದದ ಹಿಂದೋ, ಮುಂದೋ?

ಸಿಂಧನೂರು ಅಭ್ಯರ್ಥಿ:
ಬ್ಯಾಂಕ್ ಪರೀಕ್ಷೆಯ ‘ತಪ್ಪು ಹುಡುಕಿ’ ಪ್ರಶ್ನೆಯೊಳಗ ‘ಹೀ ಕೇಮ್ ಟುಡೇ ಓನ್ಲಿ’ ತಪ್ಪು ಅಂತ ಕೊಟ್ಟಾರ. ಆದ್ರ ಚೆಕ್ಕಿನ ಮ್ಯಾಲ ‘ಫೈವ್ ಥೌಸಂಡ್ ಓನ್ಲಿ’ ಅಂತ ಕೊನಿಗೇ ಬರೀತೀವಿ, ಬೋರ್ಡಿನ ಮ್ಯಾಲ ‘ಲೇಡೀಸ್ ಓನ್ಲಿ’ ಇರ್ತದ. ಅವು ಸರಿ, ಇದು ತಪ್ಪು, ಯಾಕ್ರಿ?

ಗಂಗಾವತಿ ಇಂಗ್ಲಿಷ್ ಮೇಷ್ಟ್ರು:
ಕನ್ನಡದಾಗ ‘ಮಾತ್ರ’ ಪದದ ಬೆನ್ನಿಗೆ ಬರ್ತೈತಿ, ಇಂಗ್ಲಿಷಿನ ‘ಓನ್ಲಿ’ ತಾನು ಸೇರೋ ಪದಕ್ಕಿಂತ ಮೊದಲು, ಅಂದ್ರ ಅದರ ಮುಂದ ನಿಲ್ಲತೈತಿ. ಈ ವಾಕ್ಯ ನೋಡ್ರಿ: ‘ದ ಬಸ್ ಸ್ಟಾಪ್ಸ್ ಇನ್ ಕಾರಟಗಿ ಆನ್ ಮಂಡೇಸ್’. ‘ಓನ್ಲಿ ದ ಬಸ್’ ಅಂದ್ರ ಬಸ್ಸು ಮಾತ್ರ, ಬ್ಯಾರೆ ಗಾಡಿ ನಿಲ್ಲಂಗಿಲ್ಲ. ‘ಸ್ಟಾಪ್ಸ್ ಓನ್ಲಿ ಇನ್ ಕಾರಟಗಿ’ ಅಂದ್ರ ಬ್ಯಾರೆ ಊರಾಗ ನಿಲ್ಲಂಗಿಲ್ಲ. ‘ಓನ್ಲಿ ಆನ್ ಮಂಡೇಸ್’ ಅಂದ್ರ ಸೋಮವಾರ ಮಾತ್ರ. ಮೊದಲು ಕನ್ನಡದಾಗ ಅಂದು ನೋಡ್ರಿ, ‘ಮಾತ್ರ’ ಯಾವ ಪದಕ್ಕ ಅಂಟಿತೋ ಅದರ ಮುಂದ ಓನ್ಲಿ ಇಡ್ರಿ.

ಮಾತಿನಾಗ ‘ಐ ಓನ್ಲಿ ಹ್ಯಾವ್ ಟೆನ್ ರುಪೀಸ್’ ಅಂತ ಕ್ರಿಯಾಪದದ ಮುಂದ ಇಟ್ಟರೂ ತಪ್ಪಲ್ಲ, ಒತ್ತು ಎಲ್ಲಿ ಬೀಳ್ತೈತಿ ಅನ್ನೋದು ದನಿಯಾಗ ತಿಳೀತೈತಿ. ಬರವಣಿಗಿಯಾಗ ದನಿ ಇರಂಗಿಲ್ಲ. ಅದಕ್ಕ ‘ಓನ್ಲಿ ಟೆನ್’ ಅಂತ ಬರಿಯೋದು ಸುರಕ್ಷಿತ.

ನಿಮ್ಮ ವಾಕ್ಯದ ತೊಡಕು ಬ್ಯಾರೆ. ‘ಇವತ್ತೇ ಬಂದ’ ಅನ್ನೋದರ ‘ಏ’ ಒತ್ತಿಗೆ ಬಂದದ್ದು. ನಾವು ಅದನ್ನೂ ಓನ್ಲಿ ಮಾಡಿಬಿಡ್ತೀವಿ. ಇದಕ್ಕೊಂದು ಪರೀಕ್ಷೆ ಐತಿ: ‘ಏ’ ತಗದು ‘ಮಾತ್ರ’ ಹಾಕ್ರಿ. ‘ಇವತ್ತು ಮಾತ್ರ ಬಂದ’ ಅಂದ್ರ ಉಳಿದ ದಿನ ಬರಲಿಲ್ಲ ಅಂತಾತು, ಅರ್ಥ ಕೆಟ್ಟಿತು. ಅರ್ಥ ಕೆಟ್ಟರ ಓನ್ಲಿ ಬಿಡ್ರಿ. ಒತ್ತು ಬೇಕಾದ್ರ ‘ಇಟ್ ವಾಸ್ ಟುಡೇ ದಟ್ ಹೀ ಕೇಮ್’ ಅಂತ ಬರೀರಿ. ‘ಹೀ ಓನ್ಲಿ ಕೇಮ್ ಟುಡೇ’ ಅಂದ್ರ ‘ಅಂವ ಬಂದದ್ದೇ ಇವತ್ತು, ಅಲ್ಲೀತನ ಬಂದಿರಲಿಲ್ಲ’ ಅಂತ. ಅದೂ ಸರಿಯಾದ ವಾಕ್ಯನೇ, ಅರ್ಥ ಬ್ಯಾರೆ ಅಷ್ಟೇ.

ಚೆಕ್ಕಿನಾಗ ಕೊನಿಗೆ ಬರೆಯೋದು ಮೊತ್ತದ ಬೆನ್ನಿಗೆ ಯಾರೂ ಪದ ಸೇರಿಸಿ ಮೊತ್ತ ಹೆಚ್ಚಿಸಬಾರದು ಅಂತ. ಬೋರ್ಡಿನ ‘ಲೇಡೀಸ್ ಓನ್ಲಿ’, ‘ಸ್ಟಾಫ್ ಓನ್ಲಿ’ ಪೂರ್ಣ ವಾಕ್ಯ ಅಲ್ಲ, ಸೂಚನೆ. ಅಲ್ಲಿ ಹಿಂದ ಬರೋದು ಇಂಗ್ಲಿಷಿನವರದೇ ರೂಢಿ.

ಬಳ್ಳಾರಿ ಕೋಚಿಂಗ್:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಪರೀಕ್ಷೆಯಲ್ಲಿ ಅಂಕ ಹೋಗೋದು ಇಲ್ಲೇ. ಸಮಯ ಅಥವಾ ಷರತ್ತು ಹೇಳೋ ಓನ್ಲಿ ವಾಕ್ಯದ ಮೊದಲಿಗೆ ಬಂದರೆ ಮುಖ್ಯ ವಾಕ್ಯದಲ್ಲಿ ಸಹಾಯಕ ಕ್ರಿಯಾಪದ ಕರ್ತೃವಿಗಿಂತ ಮುಂದೆ ಬರುತ್ತೆ: ‘ಓನ್ಲಿ ಆಫ್ಟರ್ ದ ರೇನ್ ಸ್ಟಾಪ್ಡ್ ಡಿಡ್ ದೇ ಸ್ಪ್ರೆಡ್ ದ ಪ್ಯಾಡಿ’. ‘ಡಿಡ್’ ಬಂದ ಮೇಲೆ ‘ಸ್ಪ್ರೆಡ್’ ಮೂಲ ರೂಪ. ಹುಡುಗರು ‘ಓನ್ಲಿ ಆಫ್ಟರ್ ಡಿಡ್ ದ ರೇನ್ ಸ್ಟಾಪ್’ ಅಂತ ಮೊದಲ ಭಾಗವನ್ನೇ ತಿರುಗಿಸ್ತಾರೆ, ಅದು ತಪ್ಪು. ಓನ್ಲಿ ಕರ್ತೃವಿಗೇ ಸೇರಿದ್ದರೆ ತಿರುಗಿಸೋದು ಬೇಡ: ‘ಓನ್ಲಿ ಟೂ ಬಾಯ್ಸ್ ಕೇಮ್’.

ಸಿಂಧನೂರು ಅಭ್ಯರ್ಥಿ:
ಹಂಗಾದ್ರ ‘ದೇ ನಾಟ್ ಓನ್ಲಿ ಗ್ರೋ ಕಾಟನ್ ಬಟ್ ಆಲ್ಸೋ ಚಿಲ್ಲೀಸ್’ ಸರಿ ಏನ್ರಿ?

ಗಂಗಾವತಿ ಇಂಗ್ಲಿಷ್ ಮೇಷ್ಟ್ರು:
ಪರೀಕ್ಷೆಯಾಗ ತಪ್ಪಂತನೇ ಹಿಡೀತಾರ. ‘ಬಟ್ ಆಲ್ಸೋ’ ಆದಮ್ಯಾಲ ನಾಮಪದ ಐತಿ, ‘ನಾಟ್ ಓನ್ಲಿ’ ಆದಮ್ಯಾಲ ಕ್ರಿಯಾಪದ ಬಂದೈತಿ. ಎರಡೂ ಕಡೆ ಒಂದೇ ಜಾತಿಯ ಪದ ಬರಬೇಕು: ‘ದೇ ಗ್ರೋ ನಾಟ್ ಓನ್ಲಿ ಕಾಟನ್ ಬಟ್ ಆಲ್ಸೋ ಚಿಲ್ಲೀಸ್’.