ಶಾಲೆಗೆ ಹಾಕು ಅಂದ ದೊಡ್ಡಮ್ಮನಿಗೆ, ಮತ್ತೆ ಅತ್ತಿಗೆಗೂ

ದೊಡ್ಡಮ್ಮ, ನಿಮ್ಮ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಕೂತು ಟೈಪ್ ಮಾಡಿದರೆ ಸೊಂಟ ಹಿಡಿದುಕೊಳ್ಳುತ್ತದೆ, ಅದಕ್ಕೇ ಮಲಗಿಕೊಂಡು ಮಾತಾಡುತ್ತಿದ್ದೇನೆ. ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿ. ಹಿಂದೆ ಗಲಾಟೆ ಕೇಳಿಸಿದರೆ ಅದು ನಿಮ್ಮ ಮೊಮ್ಮಕ್ಕಳದ್ದೇ.

ನೀವು ಕೇಳಿದ್ದು, "ಈಗ ಎಂಟರಲ್ಲಿದೆ, ಹೆರಿಗೆ ಬಾಣಂತನ ಮುಗಿಯುವವರೆಗಾದರೂ ಇಬ್ಬರನ್ನೂ ಶಾಲೆಗೆ ಹಾಕಬಾರದಾ" ಅಂತ. ಅದರ ಕೆಳಗೆ ಅತ್ತಿಗೆ, ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಈ ಮನೆಪಾಠವನ್ನು ಈ ಹೊಟ್ಟೆ ಹೊತ್ತುಕೊಂಡು ದಿನಾ ಹೇಗೆ ನಡೆಸುತ್ತೀಯ ಅಂತ ಕೇಳಿದ್ದಾರೆ. ಮಾವನದ್ದು ಒಂದೇ ಸಾಲು: "ಕಾನೂನು ಒಪ್ಪುತ್ತಾ?"

ಮಾವನದ್ದು ಮೊದಲು ಮುಗಿಸಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಅಂತ ಅದರಲ್ಲಿದೆ. ಸೇರಿಸದವರಿಗೆ ಇಂಥ ಶಿಕ್ಷೆ ಅಂತ ಆ ಕಾಯ್ದೆಯಲ್ಲಿ ಇಲ್ಲ. ಹಾಗಂತ ಮನೆಪಾಠ ಮಾಡಿ ಅಂತ ಬೆನ್ನು ತಟ್ಟಿಯೂ ಇಲ್ಲ. ಆದರೆ ಶಾಲೆಯ ಮುಖವನ್ನೇ ನೋಡದ ಮಗು ನಾಳೆ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಹತ್ತನೇ ಕ್ಲಾಸಿಗೆ ಎನ್‌ಐಓಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ. 14 ತುಂಬಿದ ಮೇಲೆ ಶಾಲೆಗೆ ಹೋಗದೆಯೇ ಪರೀಕ್ಷೆ ಕಟ್ಟಬಹುದು. ಇನ್ನು ಚಿಕ್ಕವನಿಗೆ ಐದೇ ವರ್ಷ ಮಾವ, ಅವನ ಮೇಲೆ ಸದ್ಯಕ್ಕೆ ಯಾವ ಕಾಯ್ದೆಯೂ ಬೇಡ.

ಈಗ ದೊಡ್ಡಮ್ಮ, ನಿಮ್ಮ ಮಾತು. ನಾವಿಬ್ಬರೂ ಕೂತು ಯೋಚಿಸಿದೆವು, ಸುಮ್ನೆ ತಳ್ಳಿಹಾಕಲಿಲ್ಲ. ಆದರೆ ಎಷ್ಟು ಲೆಕ್ಕ ಹಾಕಿದರೂ ಉಲ್ಟಾ ಬರುತ್ತಿದೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ನನಗೆ ಡೇಟ್ ಕೊಟ್ಟಿರುವುದು ಜುಲೈ ಕೊನೆಗೆ. ಶಾಲೆಗೆ ಹಾಕಿದರೆ ಮಕ್ಕಳು ಮೈಸೂರಿನಲ್ಲಿ, ನಾನು ತೀರ್ಥಹಳ್ಳಿಯ ತವರಲ್ಲಿ. ಇವರು ಆಫೀಸಿಗೆ ಓಡಬೇಕು. ಡಬ್ಬಿ ಕಟ್ಟಿ, ಯೂನಿಫಾರ್ಮ್ ಹಾಕಿ, ವ್ಯಾನ್ ಹತ್ತಿಸುವವರು ಯಾರು?

ನಮ್ಮ ಕಡೆ ಎರಡನೇ ಬಾಣಂತನ ಯಾಕೆ ಅರ್ಧಕ್ಕೇ ನಿಲ್ಲುತ್ತದೆ ಅಂತ ನಿಮಗೇ ಗೊತ್ತಲ್ವಾ? ದೊಡ್ಡ ಮಗುವಿನ ಶಾಲೆ. ಮೊದಲನೆಯದಕ್ಕೆ ಐದು ತಿಂಗಳು ತವರಲ್ಲಿ ಬೆಚ್ಚಗೆ ಕೂತವಳು, ಎರಡನೆಯದಕ್ಕೆ ನಲವತ್ತು ದಿನ ಆಗುತ್ತಿದ್ದ ಹಾಗೆ ಗಂಟುಮೂಟೆ ಕಟ್ಟುತ್ತಾಳೆ. ಅಥವಾ ದೊಡ್ಡದನ್ನು ಅಪ್ಪನ ಹತ್ತಿರ ಬಿಟ್ಟು ಬಂದು, ಇಲ್ಲಿ ಮಗುವಿಗೆ ಹಾಲು ಕೊಡುತ್ತಾ ಅಲ್ಲಿಯದನ್ನು ನೆನೆಸಿಕೊಂಡು ಅಳುತ್ತಾಳೆ. ನನಗೆ ಆ ತಾಪತ್ರಯ ಇಲ್ಲ. ಮಕ್ಕಳನ್ನೂ ಪುಸ್ತಕವನ್ನೂ ಕಟ್ಟಿಕೊಂಡು ಅಮ್ಮನ ಮನೆಗೆ ಹೋಗುತ್ತೇನೆ, ದೀಪಾವಳಿ ಮುಗಿಸಿಕೊಂಡೇ ಬರುತ್ತೇನೆ. ಮೂರನೇ ಬಾಣಂತನ ಪೂರ್ತಿ ಮಾಡಿಸಿಕೊಳ್ಳುತ್ತಿರುವುದೇ ನಾನು ಮನೆಪಾಠ ಮಾಡುವುದರಿಂದ. ಇದನ್ನು ಯಾರೂ ಗಮನಿಸುವುದಿಲ್ಲ.

ಇನ್ನೊಂದು, ಚಿಕ್ಕವನು ಈಗಲೇ ಮಡಿಲು ಬಿಡುತ್ತಿಲ್ಲ. ಹೊಟ್ಟೆ ಅಡ್ಡ ಬರುತ್ತದೆ ಅಂತ ಪಕ್ಕಕ್ಕೆ ಜರುಗಿ ಕೂರುತ್ತಾನೆ, ಆದರೂ ಮಡಿಲೇ ಬೇಕು. ಮಗು ಬರುವ ಹೊತ್ತಿಗೇ ಅವನನ್ನು ಹೊರಗೆ ಕಳಿಸಿದರೆ, ಪಾಪು ಬಂತು, ನನ್ನನ್ನು ಓಡಿಸಿದರು ಅಂತಲೇ ಅವನು ತಿಳಿಯುವುದು.

ಅತ್ತಿಗೆ, ಈಗ ನಿಮಗೆ. ಟೈಮ್‌ಟೇಬಲ್ ಅಂತ ಗೋಡೆಗೆ ಅಂಟಿಸಿದ್ದನ್ನು ಐದು ತಿಂಗಳಾದಾಗಲೇ ಕಿತ್ತುಹಾಕಿದೆ. ಬೆಳಿಗ್ಗೆ ಒಂದಿಷ್ಟು ಓದು, ಒಂದಿಷ್ಟು ಲೆಕ್ಕ. ಇವೆರಡು ತಪ್ಪಿಸುವುದಿಲ್ಲ. ಸರ್ಕಾರಿ ಪಠ್ಯಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ, ದೊಡ್ಡವಳು ಮೂರನೇ ಕ್ಲಾಸಿನದ್ದು ಓದುತ್ತಾಳೆ. ನಾನು ಎಡಕ್ಕೆ ಮಗ್ಗುಲಾಗಿ ಮಲಗಿ ಕೇಳುತ್ತೇನೆ. ಅವಳು ಒಂದು ಸಾಲು ಹಾರಿಸಿದರೆ ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತದೆ. ಉಳಿದಿದ್ದೆಲ್ಲ ಪಾಪುವಿನ ಕೆಲಸದಲ್ಲೇ ಬಂದುಬಿಡುತ್ತಿದೆ.

ಮೊನ್ನೆಯದು ಕೇಳಿ. ಮಗು ಹುಟ್ಟುವ ಮೊದಲು ಹೊಸ ಬಟ್ಟೆ ತರಬಾರದು ಅಂತ ಅಮ್ಮನ ಕಟ್ಟಪ್ಪಣೆ. ಸರಿ, ಹಳೇ ಕಾಟನ್ ಸೀರೆ ತೆಗೆದೆ. ಇದರಲ್ಲಿ ಚೌಕ ಬಟ್ಟೆ ಎಷ್ಟು ಬರುತ್ತದೆ, ಚೂರೂ ದಂಡ ಆಗಬಾರದು ಅಂತ ದೊಡ್ಡವಳಿಗೆ ಟೇಪು ಕೊಟ್ಟೆ. ಉದ್ದ ಐದೂವರೆ ಮೀಟರ್, ಅಗಲ 110 ಸೆಂಟಿಮೀಟರ್. ಮೊದಲು 60 ಸೆಂಟಿಮೀಟರಿನ ಚೌಕ ಅಂದಳು. ಅಗಲದಲ್ಲಿ ಒಂದೇ ಬಂತು, ಪಕ್ಕದಲ್ಲಿ 50 ದಂಡ. ನೆಲದ ಮೇಲೆ ಸೀರೆ ಹಾಸಿ, ಬಳಪದಲ್ಲಿ ಗೆರೆ ಎಳೆದು, ಅಳಿಸಿ, ಕೊನೆಗೆ 55 ಹಿಡಿದಳು. ಉದ್ದಕ್ಕೆ ಹತ್ತು, ಅಗಲಕ್ಕೆ ಎರಡು, ಒಟ್ಟು ಇಪ್ಪತ್ತು, ಒಂದು ಚೂರೂ ಮಿಗಲಿಲ್ಲ. ಕುಣಿದಾಡಿಬಿಟ್ಟಳು. ಅಷ್ಟರಲ್ಲಿ ವಿಡಿಯೋ ಕಾಲ್‌ನಲ್ಲಿ ಅಮ್ಮ, "ಅಂಚು, ಸೆರಗು ತೆಗೆಯಬೇಕು ಕಣೇ, ಮಗುವಿಗೆ ಚುಚ್ಚುತ್ತೆ" ಅಂದರು. ಲೆಕ್ಕ ಪೂರಾ ಮಣ್ಣುಪಾಲು! ಮುಖ ಊದಿಸಿಕೊಂಡು ಕೂತಳು. ಆಮೇಲೆ ತಾನೇ ಎದ್ದು ಅಳೆದಳು. ಅಂಚು ಎರಡೂ ಕಡೆ ಐದೈದು, ಸೆರಗು ಅರ್ಧ ಮೀಟರ್. ಉಳಿದದ್ದು 500ಕ್ಕೆ 100. ಐವತ್ತರ ಚೌಕ ಮಾಡಿದರೆ ಮತ್ತೆ ಇಪ್ಪತ್ತೇ! ಭಾಗಾಕಾರ ಹೇಳಿಕೊಡಲು ನಾನು ಇದಕ್ಕಿಂತ ಒಳ್ಳೆಯ ಲೆಕ್ಕ ಹುಡುಕಿ ತರುತ್ತಿರಲಿಲ್ಲ.

ತಾಯಿ ಕಾರ್ಡ್ ಅಂತೂ ಈಗ ಅವಳದ್ದೇ ಆಸ್ತಿ. ಆಸ್ಪತ್ರೆಯಿಂದ ಬಂದ ಕೂಡಲೇ ಕಿತ್ತುಕೊಂಡು ತೂಕ, ಬಿಪಿ, ಹಿಮೋಗ್ಲೋಬಿನ್ ಎಲ್ಲ ಜೋರಾಗಿ ಓದುತ್ತಾಳೆ. 11ಕ್ಕಿಂತ ಕಡಿಮೆ ಬಂದರೆ ರಕ್ತಹೀನತೆ ಅಂತ ಅವಳಿಗೆ ಬಾಯಿಪಾಠ. ಡಾಕ್ಟರು ಹೊಟ್ಟೆಯ ಮೇಲೆ ಟೇಪಿಟ್ಟು ಅಳೆಯುತ್ತಾರಲ್ಲ, ಅದು ಎಷ್ಟು ವಾರವೋ ಹೆಚ್ಚುಕಮ್ಮಿ ಅಷ್ಟೇ ಸೆಂಟಿಮೀಟರ್ ಇರುತ್ತದೆ ಅಂತ ಕೇಳಿ ಅವಳಿಗೆ ಆಶ್ಚರ್ಯವೋ ಆಶ್ಚರ್ಯ. ಚಿಕ್ಕವನು ಮಾತ್ರೆಯ ಉಸ್ತುವಾರಿ. ಕೆಂಪು ಕಬ್ಬಿಣದ ಮಾತ್ರೆ ಊಟ ಆದ ಮೇಲೆ ನಿಂಬೆಹಣ್ಣಿನ ಪಾನಕದ ಜೊತೆ, ಕ್ಯಾಲ್ಸಿಯಂ ಬೇರೆ ಹೊತ್ತಿಗೆ. ಎರಡೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಊಟದ ಮೇಲೆ ನಾನು ಕಾಫಿ ಲೋಟ ಹಿಡಿದರೆ ಸಾಕು, "ಅಮ್ಮಾ!" ಅಂತ ಅಡ್ಡ ನಿಲ್ಲುತ್ತಾನೆ. ಮನೆಯಲ್ಲಿ ಪೊಲೀಸ್ ಸಾಕಿದ ಹಾಗಾಗಿದೆ.

ಸ್ಕ್ಯಾನಿಂಗ್‌ಗೆ ಹೋದಾಗ ತಮ್ಮನೋ ತಂಗಿಯೋ ಕೇಳಮ್ಮ ಅಂತ ಗಂಟುಬಿದ್ದಿದ್ದಳು. ಅಲ್ಲಿನ ಬೋರ್ಡನ್ನು ಅವಳಿಂದಲೇ ಓದಿಸಿದೆ, ಭ್ರೂಣದ ಲಿಂಗ ಪತ್ತೆ ಶಿಕ್ಷಾರ್ಹ ಅಪರಾಧ ಅಂತ. "ಹೇಳಿದರೆ ಏನು ತಪ್ಪು?" ಅಂದಳು. ಹೆಣ್ಣು ಅಂತ ಗೊತ್ತಾದರೆ ಬೇಡ ಅನ್ನುವವರು ಇದ್ದರು, ಈಗಲೂ ಇದ್ದಾರೆ, ಅದಕ್ಕೇ 1994ರಲ್ಲಿ ಕಾನೂನು ಮಾಡಿದರು ಅಂದೆ. ಆಟೋದಲ್ಲಿ ಮನೆವರೆಗೂ ಮಾತೇ ಆಡಲಿಲ್ಲ. ರಾತ್ರಿ ಅವರಪ್ಪನ ಹತ್ತಿರ ಹೋಗಿ, "ನಾನು ಅಂತ ಗೊತ್ತಾದಾಗ ನಿಮಗೆ ಖುಷಿಯಾಯ್ತಾ?" ಅಂತ ಕೇಳಿದಳಂತೆ. ಇವರಿಗೆ ಗಂಟಲು ಕಟ್ಟಿತು.

ಎಲ್ಲ ಸಲೀಸು ಅಂತ ತಿಳಿಯಬೇಡಿ ಅತ್ತಿಗೆ. ನಿಮ್ಮ ಮಗ ಶಾಲೆಗೆ ಹೋದ ಮೇಲೆ ಐದಾರು ಗಂಟೆ ಮನೆ ತಣ್ಣಗಿರುತ್ತದಲ್ಲ, ಅದನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ಇಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಿದರೆ ಇಬ್ಬರೂ ಜಗಳ ತೆಗೆಯುತ್ತಾರೆ. ಕಾಲು ಊದಿರುತ್ತದೆ, ಸಿಟ್ಟು ಮೂಗಿನ ತುದಿಯಲ್ಲೇ. ಅದಕ್ಕೇ ಸಂಜೆ ಮೇಲೆ ಮಕ್ಕಳು ಪೂರ್ತಿ ಇವರ ಪಾಲು. ನೀವೂ ಈಗ ಬಸುರಿ, ಅಣ್ಣನಿಗೆ ಈಗಿನಿಂದಲೇ ರೂಢಿ ಮಾಡಿಸಿ, ಒಂಬತ್ತು ತುಂಬುವವರೆಗೆ ಕಾಯಬೇಡಿ. ಶಾಲೆ ಬಿಡಿಸಿ ಅಂತ ಖಂಡಿತ ಹೇಳುವುದಿಲ್ಲ. ನಿಮ್ಮವನು ಖುಷಿಯಾಗಿ ಹೋಗುತ್ತಾನೆ, ಹೋಗಲಿ. ಅವನಿಗೂ ಪಾಪುವಿನ ಒಂದು ಕೆಲಸ ವಹಿಸಿಕೊಡಿ, ಅಷ್ಟು ಸಾಕು.

36 ವಾರ ಆಗುವ ಮೊದಲೇ ಊರು ಸೇರಿಕೊಳ್ಳಿ ಅಂದಿದ್ದಾರೆ ಡಾಕ್ಟರು. ಅಲ್ಲಿಂದ ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಅರವತ್ತು ಚಿಲ್ಲರೆ ಕಿಲೋಮೀಟರ್, ಮಳೆಗಾಲ ಬೇರೆ. ಹಾಗಾಗಿ ಇಬ್ಬರಿಗೂ 108ಕ್ಕೆ ಫೋನ್ ಮಾಡಿ ಅಜ್ಜಿ ಮನೆಯ ದಾರಿ ಹೇಳುವುದನ್ನು ಕಲಿಸಿದ್ದೇವೆ. ಚಿಕ್ಕವನ ಪ್ರಕಾರ ವಿಳಾಸ ಅಂದರೆ "ದೊಡ್ಡ ಹಲಸಿನ ಮರ ಇರೋ ಮನೆ". ತಿದ್ದುತ್ತಿದ್ದೇವೆ.

ಹೆರಿಗೆ ಆಗಿ ನಲವತ್ತು ದಿನ ನನ್ನ ಕಡೆಯಿಂದ ಪಾಠ ಇಲ್ಲ. ಅದನ್ನು ಈಗಲೇ ಎಲ್ಲರಿಗೂ ಹೇಳಿಟ್ಟಿದ್ದೇನೆ, ಯಾರೂ ಬಂದು "ಏನು ಓದಿದ್ರಿ ಮಕ್ಕಳೇ" ಅಂತ ಪರೀಕ್ಷೆ ಮಾಡಬೇಡಿ. ಆ ಹೊತ್ತಿಗೆ ಅಡಿಕೆ ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯುವ ಸಮಯ. ಅಪ್ಪ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುತ್ತಾರೆ, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಡ್ರಮ್ಮಿನ ಹತ್ತಿರ ಬಿಡುವುದಿಲ್ಲ, ಆದರೆ ಎಷ್ಟು ಡ್ರಮ್ಮಿಗೆ ಎಷ್ಟು ತುತ್ತ ಅಂತ ಜಗಲಿಯಲ್ಲಿ ಕೂತು ಲೆಕ್ಕ ಬರೆದುಕೊಡುವುದು ದೊಡ್ಡವಳ ಕೆಲಸ. ಆಷಾಢದ ಮಳೆಗೆ ಪಾಪುವಿನ ಬಟ್ಟೆ ಒಣಗುವುದಿಲ್ಲವಲ್ಲ, ಕೆಂಡದ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ ಒಣಗಿಸುವುದನ್ನು ಅಮ್ಮ ತೋರಿಸುತ್ತಾರೆ.

ದೊಡ್ಡಮ್ಮ, ಒಂದೇ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನೀವು ಬಂದಾಗ ಮಗುವಿನ ನಾಲಿಗೆಗೆ ಜೇನು ಬೇಡ. ಆರು ತಿಂಗಳು ಎದೆಹಾಲು ಮಾತ್ರ, ನೀರೂ ಇಲ್ಲ. ಮೆಂತ್ಯ, ಬೆಳ್ಳುಳ್ಳಿ, ಮೆಣಸಿನ ಸಾರು ಏನಿದ್ದರೂ ನನಗೆ ಬಡಿಸಿ, ಬೇಡ ಅನ್ನುವುದಿಲ್ಲ.

ಮತ್ತೆ ನಿಮ್ಮಿಂದ ಒಂದು ಕೆಲಸ ಆಗಬೇಕು. ನೀವು ಚಿಕ್ಕವರಿದ್ದಾಗ ಕಾಲು, ಅರೆ, ಮುಕ್ಕಾಲಿನ ಮಗ್ಗಿ ಕಲಿತಿದ್ದಿರಲ್ಲ, ಅದು ನನಗೆ ಬರುವುದಿಲ್ಲ, ಈಗಿನ ಪುಸ್ತಕದಲ್ಲೂ ಇಲ್ಲ. ಆಗಸ್ಟ್‌ನಲ್ಲಿ ಬಂದಾಗ ದೊಡ್ಡವಳಿಗೆ ಅದನ್ನು ಹೇಳಿಕೊಡುತ್ತೀರಾ?