ಯಾವ ಊರು, ಯಾವತ್ತು, ಎಷ್ಟು ಹಕ್ಕಿ?

ಡಿಸೆಂಬರ್ ಮೊದಲ ವಾರ, ಶನಿವಾರ ಸಂಜೆ. ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಚಿಕ್ಕಮ್ಮ ಒಂದು ಫಾರ್ವರ್ಡ್ ಹಾಕಿದರು. ಮರದ ತುಂಬ ಹಕ್ಕಿ ಕೂತಿರುವ ಫೋಟೋ, ಕೆಳಗೆ ಕೆಂಪು ಅಕ್ಷರ: "ಸೈಬೀರಿಯಾದಿಂದ 6000 ಕಿ.ಮೀ. ಹಾರಿ ಬರುತ್ತಿದ್ದ ಕೊಕ್ಕರೆಗಳು ಈ ವರ್ಷ ಕೊಕ್ಕರೆಬೆಳ್ಳೂರಿಗೆ ಬರಲೇ ಇಲ್ಲ. ಮೊಬೈಲ್ ಟವರ್ ಕಾರಣ. ಊರವರು ಮರ ಕಡಿದು ಮಾರಿಕೊಂಡರು. ಎಲ್ಲರಿಗೂ ಕಳಿಸಿ." ಜೊತೆಗೆ ನಾಲ್ಕು ಅಳುವ ಮುಖ. ಕೊಕ್ಕರೆಬೆಳ್ಳೂರು ಅಂದರೆ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಹಳ್ಳಿ, ಊರೊಳಗಿನ ಮರಗಳಲ್ಲೇ ಹಕ್ಕಿ ಗೂಡು ಕಟ್ಟುವ ಜಾಗ. ನಾವು ಬೆಳ್ಳೂರು ಅಂತಲೂ ಅನ್ನುತ್ತೇವೆ.

ಆವತ್ತಿನ ಮಾತುಕತೆಯನ್ನು ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ಚಿಕ್ಕಮ್ಮನನ್ನು ಕೇಳಿಯೇ ಹಾಕುತ್ತಿದ್ದೇನೆ.

ದೊಡ್ಡಪ್ಪ: ಮನುಷ್ಯನ ಆಸೆಗೆ ಕೊನೆಯೇ ಇಲ್ಲ. ನಾವು ಚಿಕ್ಕವರಿದ್ದಾಗ ಹಕ್ಕಿಗೆ ಕಲ್ಲು ಹೊಡೆದರೆ ಆ ರಾತ್ರಿ ಊಟ ಇರುತ್ತಿರಲಿಲ್ಲ. ಈಗಿನವರಿಗೆ ಮರ ಬೇಡ, ಹಕ್ಕಿ ಬೇಡ, ಹಿರಿಯರೂ ಬೇಡ.

ಭಾವ: ಇದು ಯಾವ ಪೇಪರಲ್ಲಿ ಬಂದಿದ್ದು? ತಾರೀಕು ಇಲ್ಲ, ಬರೆದವರ ಹೆಸರಿಲ್ಲ.

ಚಿಕ್ಕಮ್ಮ: ನಮ್ಮ ವಾಕಿಂಗ್ ಗುಂಪಲ್ಲಿ ಬಂತು. ಬಂದಿದ್ದನ್ನು ಕಳಿಸಿದೆ ಅಷ್ಟೇ.

ಭಾವ: ಬಾಳೆಹಣ್ಣಿಗೆ ಇಂಜೆಕ್ಷನ್ ಕೊಡ್ತಾರೆ ಅನ್ನೋದೂ ಹೀಗೇ ಬಂದಿತ್ತು.

ಚಿಕ್ಕಮ್ಮ: ಅದನ್ನು ಹಾಕಿದ್ದು ನಾನಲ್ಲ. ನಿಮ್ಮ ತಾಯಿ. ಮೇಲೆ ಹೋಗಿ ನೋಡಿ.

ಅತ್ತೆ ಮಗ: ಅಯ್ಯೋ, ಕೊಕ್ಕರೆಬೆಳ್ಳೂರು ಅಂದ ತಕ್ಷಣ ಬೇಸಿಗೆ ರಜೆ ನೆನಪಾಯ್ತು. ಒಂದೇ ಸೈಕಲಲ್ಲಿ ಮೂರು ಜನ ಹೋಗಿದ್ವಿ ಅಲ್ವಾ? ಹುಣಸೆ ಮರದ ಕೆಳಗೆ ನಿಂತಾಗ ನನ್ನ ಹೊಸ ಅಂಗಿ ಮೇಲೆ ಹಿಕ್ಕೆ ಬಿತ್ತು. ಅಜ್ಜಿ ಬೈಯಲಿಲ್ಲ, ಒಳ್ಳೇದಾಗುತ್ತೆ ಬಿಡೋ ಅಂದರು. ವಾಪಸ್ ಬರುವಾಗ ಮದ್ದೂರು ವಡೆ. ಆ ಸೈಕಲ್ ಆಮೇಲೆ ಎಲ್ಲಿ ಹೋಯ್ತು?

ಚಿಕ್ಕಪ್ಪ: ಸೈಕಲ್ ನನ್ನದು. ಬೆಲ್ ಕಳೆದವನು ನೀನು.

ಇಷ್ಟು ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಹನ್ನೊಂದು ವರ್ಷದಿಂದ ಪ್ರತಿ ಚಳಿಗಾಲ ಮೈಸೂರಿನ ಸುತ್ತ ಕೆರೆ ಕೆರೆ ತಿರುಗುತ್ತಿದ್ದೇನೆ. ಹೀಗೆ ಬರೆದೆ:

ನಾನು: ಚಿಕ್ಕಮ್ಮ, ಫೋಟೋ ದೊಡ್ಡದು ಮಾಡಿ ನೋಡಿ. ಹಳದಿ ಕೊಕ್ಕು, ಕಿತ್ತಳೆ ಮುಖ, ಬಾಲದ ಹತ್ತಿರ ಗುಲಾಬಿ ಗರಿ. ಇದು ಬಣ್ಣದ ಕೊಕ್ಕರೆ. ಸೈಬೀರಿಯಾದ್ದಲ್ಲ, ನಮ್ಮ ದೇಶದ್ದೇ. ನೀರು, ಮೀನು ನೋಡಿಕೊಂಡು ಊರೂರು ತಿರುಗುತ್ತೆ, ಮರಿ ಮಾಡೋಕೆ ಬೆಳ್ಳೂರಿಗೆ ಬರುತ್ತೆ. ಪಕ್ಕದ ಕೊಂಬೆಯಲ್ಲಿ ಬೂದು ಬಣ್ಣದ ದಪ್ಪ ಹಕ್ಕಿ ಇದೆಯಲ್ಲ, ಕೊಕ್ಕಿನ ಕೆಳಗೆ ಚೀಲ ಇರೋದು, ಅದು ಹೆಜ್ಜಾರ್ಲೆ, ಅಂದರೆ ಪೆಲಿಕನ್. ಅದೂ ನಮ್ಮದೇ. ಸೈಬೀರಿಯಾದಿಂದ ಬರುತ್ತಿದ್ದ ಬಿಳಿ ಕ್ರೇನ್ ಬೇರೆ. ಅದು ರಾಜಸ್ಥಾನದ ಭರತಪುರಕ್ಕೆ ಬರುತ್ತಿತ್ತು, 2002ರ ನಂತರ ಅಲ್ಲೂ ಕಂಡಿಲ್ಲ. ಅದು ಮರದ ಮೇಲೆ ಗೂಡು ಕಟ್ಟುವ ಹಕ್ಕಿಯೇ ಅಲ್ಲ. ಇನ್ನು ಬಣ್ಣದ ಕೊಕ್ಕರೆ ಬೆಳ್ಳೂರಲ್ಲಿ ತುಂಬೋದು ಸಾಮಾನ್ಯವಾಗಿ ಸಂಕ್ರಾಂತಿ ಆಸುಪಾಸಿನಲ್ಲಿ. ಈಗಲೇ ಬರಲಿಲ್ಲ ಅಂತ ಅಳೋದು ಯಾಕೆ?

ನಿಜವಾಗಿ ದೂರದಿಂದ ಬರುವವರು ಯಾರು ಅಂತಲೂ ಬರೆದೆ. ಮೈಸೂರು ಹತ್ತಿರದ ಹದಿನಾರು ಎಂಬ ಊರಿನ ಕೆರೆಗೆ, ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಮಂಗೋಲಿಯಾ, ಟಿಬೆಟ್ ಕಡೆಯದು. ಹಿಮಾಲಯ ದಾಟಿ ಬರುತ್ತೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಸಿಕ್ಕಿವೆ. ಆ ಪಟ್ಟಿಯ ಮೇಲಿನ ಅಕ್ಷರವನ್ನು ಯಾರೋ ಒಬ್ಬರು ದೂರದರ್ಶಕದಲ್ಲಿ ಓದಿ, ತಾರೀಕು ಸಮೇತ ಬರೆದಿಟ್ಟಿದ್ದಕ್ಕೆ ತಾನೇ ನಮಗೆ ಅದರ ದಾರಿ ಗೊತ್ತಾಗಿದ್ದು? ಹಕ್ಕಿ ಸುಮ್ನೆ ಹಾರಿ ಹೋಗುತ್ತೆ, ಬರೆದಿದ್ದು ಉಳಿಯುತ್ತೆ.

ಇದಕ್ಕೆ ಬಂದ ಉತ್ತರ:

ದೊಡ್ಡಪ್ಪ: ಚಿಕ್ಕಮ್ಮ ಕಾಳಜಿಯಿಂದ ಹಾಕಿದ್ದಕ್ಕೆ ಎಲ್ಲರೆದುರು ಪಾಠ ಮಾಡಬೇಕಿತ್ತಾ? ಕೊಟ್ಟಿಗೆ ಹಿಂದಿನ ಹುಣಸೆ ಮರ ಮಾರುವಾಗ ನಿಮ್ಮಪ್ಪನಿಗೆ ಈ ಹಕ್ಕಿ ಪ್ರೀತಿ ಎಲ್ಲಿತ್ತು?

ಅಪ್ಪ: ಅಣ್ಣ, ನಾನು ಮಾರಲಿಲ್ಲ. ಮೂವತ್ತು ವರ್ಷದಿಂದ ಇದೇ ಹೇಳ್ತಾ ಇದ್ದೀನಿ.

ಚಿಕ್ಕಪ್ಪ: ಪಾಲಾಗುವ ಮುಂಚೆಯೇ ಮರ ಹೋಗಿತ್ತು. ಯಾರ ಕೈಗೆ ದುಡ್ಡು ಬಂತು ಅಂತ ಇವತ್ತಾದರೂ ಹೇಳಿ.

ಭಾವ: ದಯವಿಟ್ಟು ಟವರ್ ವಿಷಯಕ್ಕೆ ಬನ್ನಿ. ಪುರಾವೆ ಏನಿದೆ?

ಚಿಕ್ಕಪ್ಪ: ನೀವು ಸುಮ್ಮನಿರಿ ಅಳಿಯಂದ್ರೆ, ಇದು ನಮ್ಮ ಮನೆ ವಿಷಯ.

ಆಮೇಲೆ ಸುಮಾರು ನಲವತ್ತು ಮೆಸೇಜು ಹುಣಸೆ ಮರದ್ದೇ. ಕೊಕ್ಕರೆಯನ್ನು ಎಲ್ಲರೂ ಮರೆತರು.

ನನಗೆ ನೋವಾಗಿದ್ದು ಸೈಬೀರಿಯಾ ಅಂದಿದ್ದಕ್ಕಲ್ಲ. ಅದು ತಪ್ಪು ತಿಳಿವಳಿಕೆ, ತಿದ್ದಬಹುದು. "ಊರವರು ಮರ ಕಡಿದು ಮಾರಿಕೊಂಡರು" ಅನ್ನುವ ಸಾಲಿಗೆ. ಬೆಳ್ಳೂರಿನ ಜನ ಈ ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಗೂಡಿರುವ ಹುಣಸೆ ಮರವನ್ನು ಬಡಿಯುವುದಿಲ್ಲ. ಹುಣಸೆ ಹಣ್ಣು ಅಂದರೆ ದುಡ್ಡು, ಆ ದುಡ್ಡನ್ನು ಬಿಟ್ಟುಕೊಡುತ್ತಾರೆ. ಇದಕ್ಕೆ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಏರ್ಪಾಡು ಬಂದಿದ್ದು ಎಷ್ಟೋ ಕಾಲದ ಮೇಲೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಈ ಜಾಗವನ್ನು ಹೊರಗಿನವರಿಗೆ ತೋರಿಸಿಕೊಟ್ಟರು, 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶ ಆಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ, ಮೀನು ತಿನ್ನಿಸಿ ಸಾಕಿದ ಹುಡುಗರು ಆ ಊರಿನವರೇ. ಅಂಥವರನ್ನು ಮರಗಳ್ಳರು ಅಂತ ಸಾವಿರಾರು ಫೋನಿಗೆ ಕಳಿಸಿದರೆ ಅವರಿಗೆ ಹೇಗಾಗಬೇಡ? ಮರ ಕಡಿಮೆಯಾಗುತ್ತಿರುವುದು, ಕೆರೆ ಒಣಗುತ್ತಿರುವುದು ನಿಜವಾದ ಚಿಂತೆ. ಆ ಚಿಂತೆಯನ್ನು ಸುಳ್ಳಿನ ಜೊತೆ ಕಟ್ಟಿ ಕಳಿಸಿದರೆ ನಿಜವನ್ನೂ ಯಾರೂ ನಂಬುವುದಿಲ್ಲ.

ನಮ್ಮ ಹಕ್ಕಿ ನೋಡುವವರ ಗುಂಪಿನಲ್ಲೂ ಜಗಳ ಆಗುತ್ತೆ. ಆದರೆ ಅಲ್ಲಿ ಮೂರು ಪ್ರಶ್ನೆ ಕಡ್ಡಾಯ: ಯಾವ ಊರು, ಯಾವತ್ತು, ಎಷ್ಟು? ಭಾನುವಾರ ಬೆಳಿಗ್ಗೆ ಕೆರೆ ಸುತ್ತಿ ಬಂದವರು ಬಾತು ಒಂದೂ ಕಾಣಲಿಲ್ಲ ಅಂತಲೂ ಬರೆಯುತ್ತಾರೆ. ಆ ಸೊನ್ನೆಗೂ ಬೆಲೆ ಇದೆ. ಹೀಗೆ ಸಾವಿರಾರು ಜನ ಈಬರ್ಡ್ ಎಂಬ ಹಕ್ಕಿ ಲೆಕ್ಕದ ಜಾಲತಾಣದಲ್ಲಿ ಹಾಕಿದ ಪಟ್ಟಿಗಳನ್ನು ಸೇರಿಸಿಯೇ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಯ ವರದಿ ಬಂತು. ದೀರ್ಘಕಾಲದ ಲೆಕ್ಕ ಸಿಕ್ಕ 338 ಜಾತಿಗಳಲ್ಲಿ 60% ಕಡಿಮೆಯಾಗುತ್ತಿವೆ ಅಂತ ಅದರಿಂದ ತಿಳಿಯಿತು. ಅಳುವ ಮುಖ ಹಾಕಬೇಕಾದ್ದು ಇದಕ್ಕೆ.

ಇದನ್ನೂ ಗುಂಪಿನಲ್ಲಿ ಬರೆದೆ. ಅತ್ತೆ ಮಗ ಹೆಬ್ಬೆಟ್ಟು ಒತ್ತಿದ. ಚಿಕ್ಕಮ್ಮ, "ಸರಿ, ಡಿಲೀಟ್ ಮಾಡ್ತೀನಿ, ನೀನು ಬೇಜಾರಾಗಬೇಡ" ಅಂದರು. ಅವರ ಮನಸ್ಸಿಗೂ ನೋವಾಗಿದೆ ಅಂತ ಅನ್ನಿಸಿ, ಆಮೇಲೆ ಬೇರೆಯಾಗಿ ಫೋನ್ ಮಾಡಿ ಮಾತಾಡಿದೆ.

ರಾತ್ರಿ ಹತ್ತಕ್ಕೆ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ಅವರು ಗುಂಪಿನಲ್ಲಿ ಮಾತಾಡುವುದೇ ಅಪರೂಪ. ಹಿರಿ ಸೊಸೆಯಾಗಿ ಆ ಹಳ್ಳಿ ಮನೆಯಲ್ಲಿ ಜಾಸ್ತಿ ಕಾಲ ಇದ್ದವರು ಅವರೇ.

ದೊಡ್ಡಮ್ಮ: ಯಾಕ್ರಪ್ಪ ಕಿತ್ತಾಡ್ತೀರಿ? ಅವರೆಕಾಯಿ ಶುರುವಾದಾಗ ಹೆಜ್ಜಾರ್ಲೆ ಬರೋದು. ಸಂಕ್ರಾಂತಿ ಕಳೆದ ಮೇಲೆ ಕೊಕ್ಕರೆ. ಶಿವರಾತ್ರಿ ಹೊತ್ತಿಗೆ ಮರಿ ಕೂಗೋದು ಕೇಳಿಸುತ್ತಿತ್ತು. ಮುಂಗಾರು ಹತ್ತಿರ ಬಂದಾಗ ಗೂಡೆಲ್ಲ ಖಾಲಿ. ಮರದ ಕೆಳಗೆ ಗುಂಡಿ ತೋಡಿ ಕೆರೆ ಗೋಡು ಹಾಕಿದ್ದೆವು, ಹಿಕ್ಕೆ ಬಿದ್ದು ಒಳ್ಳೆ ಗೊಬ್ಬರ ಆಗೋದು. ಆ ಮರ ಯಾರೂ ಮಾರಲಿಲ್ಲ. ಗಾಳಿಗೆ ಅರ್ಧ ಮುರಿದು ಬಿತ್ತು. ಉಳಿದಿದ್ದನ್ನು ಅತ್ತೆಯವರೇ ಕಡಿಸಿದರು, ಮದುವೆ ಅಡುಗೆ ಸೌದೆಗೆ. ಒಲೆಗೆ ಹಾಕಿದವಳು ನಾನು.

ಯಾರೂ ಏನೂ ಬರೆಯಲಿಲ್ಲ. ನಾನು ಕೇಳಿದೆ: "ದೊಡ್ಡಮ್ಮ, ಮರ ಬೀಳುವ ವರ್ಷ ಗೂಡು ಇತ್ತಾ?"

ದೊಡ್ಡಮ್ಮ: ಇತ್ತು. ನಿಮ್ಮ ಅಕ್ಕ ಹುಟ್ಟಿದ ವರ್ಷ. ನಾಲ್ಕು ಹೆಜ್ಜಾರ್ಲೆದು, ಮೂರು ಕೊಕ್ಕರೆದು. ಹಿತ್ತಲಲ್ಲಿ ಪಾತ್ರೆ ಬೆಳಗುವಾಗ ದಿನಾ ಎಣಿಸುತ್ತಿದ್ದೆ.

ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಅಜ್ಜಿ ಮನೆ ಹಿತ್ತಲು, 1988, ಹುಣಸೆ ಮರ, 7 ಗೂಡು. ನೋಡಿದವರು: ದೊಡ್ಡಮ್ಮ.