ಸಹಾಯ ಬೇಕು: ಎಕ್ಸಿಮಾ ಇರುವ ಮಗು ರಾತ್ರಿ ಕೆರೆದುಕೊಳ್ಳದಂತೆ ಏನು ಮಾಡುತ್ತೀರಿ?

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 3 ವರ್ಷ. ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ತೊಂದರೆ) ಇದೆ. ಹೋದ ತಿಂಗಳು ಕೆರೆದು ಕೆರೆದು ಗಾಯವಾಯಿತು. ನೀರು ಒಸರಿ, ಮೇಲೆ ಜೇನು ಬಣ್ಣದ ಹೆಕ್ಕಳೆ ಕಟ್ಟಿತು. ಒಣಗುತ್ತಿದೆ ಅಂದುಕೊಂಡು ಸುಮ್ನಿದ್ದೆ! ಡಾಕ್ಟರ್ ನೋಡಿ ಸೋಂಕು ಅಂದರು, ಆಂಟಿಬಯೋಟಿಕ್ ಕೊಟ್ಟರು. ಈಗ ವಾಸಿಯಾಗಿದೆ.

ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷ ಸ್ನಾನ, ಅಷ್ಟೇ. ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತೇವ ಇರುವಾಗಲೇ ಮಾಯಿಶ್ಚರೈಸರ್ ಹಚ್ಚುತ್ತೇನೆ. ಡಬ್ಬಿಗೆ ಕೈ ಹಾಕದೆ ಚಮಚದಲ್ಲಿ ತೆಗೆಯುತ್ತೇನೆ, ಕ್ರೀಮಿಗೇ ರೋಗಾಣು ಸೇರಬಾರದು ಅಲ್ವಾ. ಉಗುರು ಗಿಡ್ಡವಾಗಿಯೇ ಇಟ್ಟಿದ್ದೇನೆ. ಕೆಂಪಾದ ಕಡೆ ಮಾತ್ರ ಡಾಕ್ಟರ್ ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮು. ಮೊದಲು ಹೆದರಿ ಅದನ್ನು ತೀರಾ ಕಡಿಮೆ ಹಚ್ಚುತ್ತಿದ್ದೆ, ತಪ್ಪು ನನ್ನದೇ.

ಕಷ್ಟ ಇರುವುದು ರಾತ್ರಿ. ನಿದ್ದೆಗಣ್ಣಲ್ಲೇ ಕೆರೆದುಕೊಳ್ಳುತ್ತಾಳೆ. ಹತ್ತಿ ಕೈಗವಸು ಹಾಕಿದರೆ ಹಲ್ಲಲ್ಲಿ ಕಚ್ಚಿ ಎಳೆದು ಬಿಸಾಡುತ್ತಾಳೆ! ಕ್ರೀಮ್ ಮೇಲೆ ಒದ್ದೆ ಬಟ್ಟೆ ಸುತ್ತುವುದನ್ನು ಯಾರಾದರೂ ಡಾಕ್ಟರ್ ಹೇಳಿ ಮಾಡಿದ್ದೀರಾ? ಮಗು ಸುತ್ತಿಸಿಕೊಳ್ಳುತ್ತದಾ? ಸೋಂಕು ಮತ್ತೆ ಶುರುವಾಗುತ್ತಿದೆ ಅಂತ ನಿಮಗೆ ಮೊದಲು ಹೇಗೆ ಗೊತ್ತಾಯಿತು? ಜ್ವರ, ಕೀವು, ಗುಂಪಾಗಿ ನೋಯುವ ನೀರುಗುಳ್ಳೆ ಕಂಡರೆ ಆಸ್ಪತ್ರೆಗೆ ಓಡಬೇಕು ಅಂತ ತಿಳಿದಿದೆ. ಮನೆಮದ್ದು ಬೇಡ, ನಿಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿ.